ತೀರಾ ಸುಲಭದ ಪ್ರಶ್ನೆ

ಮತ್ತೆ ಕೆಂಪು, ಕಂಪ್ಯೂಟರ್ ತೆರೆಯ ಬಲ ಅಂಚಿನಲ್ಲಿ ಇನ್ನೊಂದು ಕೆಂಪು ಚೌಕ, ಮೈಮೇಲೆ ಗುಳ್ಳೆ ಎದ್ದ ಹಾಗೆ ಏಳುತ್ತಲೇ ಇವೆ, ಅಂದರೆ ಆಚೆ ಗಾಜಿನ ಕೋಣೆಯಲ್ಲಿ ಅಲ್ಪವಿರಾಮ ಊಟ ಮುಗಿಸಿ ಬಂದು ಕೂತ, ಕೂತವನೇ ಅವಳ ಪ್ರಶ್ನೆಗಳಿಗೆ ಕೈ ಹಾಕಿದ — ಅವನಿಗೆ ಆ ಹೆಸರಿಟ್ಟವಳು ಅವಳೇ, ಯಾರ ವಾಕ್ಯವನ್ನೂ ಮುಗಿಯಗೊಡದೆ ನಡುವೆ ಕತ್ತು ಬಾಗಿಸಿ ನಿಲ್ಲುವ ಆಸಾಮಿ, ನಿನ್ನೆ ಮೊನ್ನೆ ಸೇರಿದವನು ಪರಿಶೀಲಕನಂತೆ, ತಲೆ ನರೆಯುವವರೆಗೆ ಮಕ್ಕಳ ಇಂಗ್ಲಿಷ್ ಅಭ್ಯಾಸ ಪುಸ್ತಕಕ್ಕೆ ಪ್ರಶ್ನೆ ಬರೆದ ಅವಳು ಅವನಿಗೆ ಉತ್ತರ ಕೊಡಬೇಕಂತೆ, ನುಡಿಗಟ್ಟು, ವ್ಯಾಕರಣ, ಪದಸಂಪತ್ತು, ಓದಿ ಊಹಿಸುವುದು, ಎಲ್ಲ ಸಂಜೆಯೊಳಗೆ ಒಪ್ಪಿಸಬೇಕು, ಇವನೋ ಮೊದಲನೆಯದರಲ್ಲೇ ಒದ್ದಾಡುತ್ತಿದ್ದಾನೆ. ಪೀಸ್ ಆಫ್ ಕೇಕ್ ಎಂದರೇನು ಎಂದು ಕೇಳಿದ್ದಕ್ಕೆ ಕೆಂಪು ಚೌಕದಲ್ಲಿ ಬರೆಯುತ್ತಾನೆ, ಕೇಕಿನ ಒಂದು ತುಂಡು ಅನ್ನೋದೂ ಸರಿಯುತ್ತರವೇ ಅಲ್ವಾ ಮೇಡಂ. ಅಯ್ಯಾ ಮಹಾರಾಯ, ತೀರಾ ಸುಲಭದ ಕೆಲಸ ಎಂದು ಅದರ ಅರ್ಥ, ತಲೆ ತಿನ್ನುತ್ತಾನೆ ಅಂದರೆ ಬಾಯಿಗೆ ಹಾಕಿಕೊಂಡು ಅಗಿಯುತ್ತಾನೆ ಎಂದು ಅರ್ಥವೇ — ಅಗಿಯುತ್ತಾನೆ, ಇವನು ಅಗಿದೇ ಅಗಿಯುತ್ತಾನೆ. ಶೀ ಲೆಫ್ಟ್, ಶೀ ಹ್ಯಾಸ್ ಲೆಫ್ಟ್, ಎರಡೂ ಒಂದೇ ಅಲ್ವಾ ಮೇಡಂ. ಒಂದೇ ಹೇಗಾಗುತ್ತದೆ, ಹೋದಳು ಅಂದರೆ ಕಥೆ ಮುಗಿಯಿತು, ಹೋಗಿದ್ದಾಳೆ ಅಂದರೆ ಅವಳ ಹಿಂದೆ ಬಾಗಿಲು ಇನ್ನೂ ಅಲ್ಲಾಡುತ್ತಿದೆ, ಇದನ್ನು ಯಾರಿಗೆ ಹೇಳುವುದು, ಗೋಡೆಗೆ ಹೇಳಬಹುದು, ಗೋಡೆ ಕನಿಷ್ಠ ಕೆಂಪು ಚೌಕ ಬರೆಯುವುದಿಲ್ಲ.

ಊಹೆಯ ಪ್ರಶ್ನೆಗಳಂತೂ ದೇವರಿಗೇ ಪ್ರೀತಿ. ಮೂಲೆಯಲ್ಲಿ ಇಟ್ಟ ಕೊಡೆಯಿಂದ ನೀರು ತೊಟ್ಟಿಕ್ಕುತ್ತಿದೆ, ಇದರಿಂದ ಏನು ತಿಳಿಯುತ್ತದೆ ಎಂದು ಬರೆದರೆ, ಕೊಡೆಯನ್ನು ಯಾರಾದರೂ ತೊಳೆದಿರಬಹುದಲ್ವಾ ಮೇಡಂ. ಯಾರಪ್ಪಾ ಕೊಡೆ ತೊಳೆಯುವವರು, ನಿಮ್ಮ ವಂಶದಲ್ಲಿ ಯಾರಾದರೂ ತೊಳೆದದ್ದುಂಟೇ. ಬದುಕಿನಿಂದ ತಗೊಳ್ಳಿ ಮೇಡಂ, ನೈಜವಾಗಿ ಬರಲಿ, ಎಂದು ಬಾಗಿಲಲ್ಲಿ ನಿಂತು ಉಪದೇಶ ಬೇರೆ ಕೊಟ್ಟು ಹೋದ. ಬದುಕಿನಿಂದ! ಬದುಕಿನಲ್ಲಿ ಏನಿದೆ, ಈ ಕುರ್ಚಿ, ಈ ಬೆನ್ನುನೋವು, ಮಧ್ಯಾಹ್ನ ಉಣ್ಣಲು ಡಬ್ಬಿ ತೆಗೆಯುವ ಹೊತ್ತಿಗೆ ಸರಿಯಾಗಿ ಅಕ್ಕನ ಫೋನು. ಏನಿಲ್ಲ ಕಣೇ, ಸುಮ್ನೆ ಮಾಡ್ದೆ. ಸುಮ್ನೆ ಮಾಡೋಕೆ ಇದೇನಕ್ಕ ಹೊತ್ತು, ಕೆಲ್ಸದಲ್ಲಿದೀನಿ. ಹೂಂ, ಗೊತ್ತು, ನಿನ್ನ ಮನೆ ಹಿಂದಿನ ರೂಮಲ್ಲಿ ಆ ಮಂಚ ಇನ್ನೂ ಇದ್ಯಾ. ಇದೆ, ಅದರ ಮೇಲೆ ಪುಸ್ತಕದ ರಾಶಿ ಇದೆ, ಯಾಕೆ. ಏನಿಲ್ಲ, ಆ ಮನೇಲಿ ಬೆಳಕೇ ಬರ್ತಿರ್ಲಿಲ್ಲ ನೋಡು. ಸಂಜೆ ಮಾತಾಡೋಣ ಅಕ್ಕ ಎಂದು ಇಟ್ಟೇಬಿಟ್ಟಳು, ಇನ್ನೇನು ಮಾಡಬೇಕಿತ್ತು, ಅಕ್ಕ ಯಾವತ್ತೂ ಹೀಗೇ, ಮೂಗು ಮುಟ್ಟಲು ತಲೆ ಸುತ್ತಿ ಕೈ ತರುವವಳು, ಇವಳ ಹೊಟ್ಟೆಯೊಳಗಿನ ಮಾತು ತೆಗೀಬೇಕಾದ್ರೆ ಹಾರೆ ಬೇಕು ಎಂದು ಅಮ್ಮನೇ ಅನ್ನುತ್ತಿದ್ದಳು, ಮದುವೆಯಾಗಿ ಇಷ್ಟು ವರ್ಷ ಭಾವನ ಮನೆಯ ಮುಂದಿನ ಕೋಣೆಯಲ್ಲಿ ಊರವರ ಬಟ್ಟೆ ಹೊಲಿಯುತ್ತಾ ಕೂತವಳು, ಚೆನ್ನಾಗಿದೀನಿ ಎನ್ನುವುದರ ಆಚೆ ಒಂದು ವಾಕ್ಯ ಹೇಳಿದ್ದಿಲ್ಲ. ಇರಲಿ, ಬದುಕಿನಿಂದ ತಾನೇ ಬೇಕು, ತಗೋ — ಸಿಟ್ಟಿನಲ್ಲೇ ಟೈಪು ಮಾಡಿದಳು, ಚೊಕ್ಕ ಇಂಗ್ಲಿಷಿನಲ್ಲಿ, ಒಬ್ಬ ಹೆಂಗಸು ಮಟಮಟ ಮಧ್ಯಾಹ್ನ ತಂಗಿಗೆ ಫೋನು ಮಾಡುತ್ತಾಳೆ, ಏನೂ ಇಲ್ಲ ಎನ್ನುತ್ತಾಳೆ, ತಂಗಿಯ ಮನೆಯಲ್ಲಿ ಮಂಚ ಇದೆಯೇ ಎಂದು ಕೇಳುತ್ತಾಳೆ, ತನ್ನ ಮನೆಯನ್ನು ಆ ಮನೆ ಎನ್ನುತ್ತಾಳೆ, ಅಲ್ಲಿ ಬೆಳಕು ಬರುತ್ತಿರಲಿಲ್ಲ ಎನ್ನುತ್ತಾಳೆ. ಇದರಿಂದ ಏನು ತಿಳಿಯುತ್ತದೆ. ಎ, ಅವಳಿಗೆ ಹೊಸ ಮಂಚ ಕೊಳ್ಳಬೇಕಾಗಿದೆ. ಬಿ, ಅವಳಿಗೆ ಹೊತ್ತು ಹೋಗುತ್ತಿಲ್ಲ. ಸಿ, ಅವಳಿಗೆ ಕಣ್ಣಿನ ತೊಂದರೆ ಇದೆ. ನಾಲ್ಕನೆಯದು ಏನೂ ತೋಚದೆ, ಜಾಗ ತುಂಬಲೆಂದು, ಡಿ, ಅವಳು ಮನೆ ಬಿಟ್ಟು ಬಂದಿದ್ದಾಳೆ. ಸರಿಯುತ್ತರ ಬಿ ಎಂದು ಗುರುತು ಹಾಕಿ ಕಳಿಸಿದಳು, ತಣ್ಣಗಾದ ಡಬ್ಬಿಗೆ ಕೈ ಹಾಕಿದಳು.

ಈಗ ಈ ಹೊಸ ಕೆಂಪು ಚೌಕ ಅದರದ್ದೇ. ಉತ್ತರ ತಪ್ಪಾಗಿ ಗುರುತಾಗಿದೆ ಮೇಡಂ, ಡಿ ಆಗಬೇಕು. ತೀರಾ ಸುಲಭ ಕೂಡ, ಐದನೇ ಕ್ಲಾಸಿನ ಮಗುವೂ ಹೇಳುತ್ತೆ, ಸ್ವಲ್ಪ ಕಷ್ಟ ಮಾಡಿ. ಕಷ್ಟ ಮಾಡಬೇಕಂತೆ, ಇವನ ತಲೆ, ಅಕ್ಕನ ವಿಷಯ ಇವನಿಗೇನು ಗೊತ್ತು, ಬಿ ಎಂದರೆ ಬಿ, ನಾನು ಕಂಡಿಲ್ಲವೇ ನನ್ನ ಅಕ್ಕನನ್ನು, ಹೊತ್ತು ಹೋಗದೆ ಫೋನು — ಅಕ್ಕನಿಗೆ ಹೊತ್ತು ಹೋಗದೆ ಇದ್ದದ್ದು ಯಾವತ್ತು, ಸುಗ್ಗಿಯ ಎತ್ತಿಗಿಂತ ಹೆಚ್ಚು ದುಡಿಯುವವಳು, ಆ ಮನೆ ಎಂದಳು, ನಮ್ಮನೆ ಎನ್ನಲಿಲ್ಲ, ಬರ್ತಿರ್ಲಿಲ್ಲ ಎಂದಳು, ಬರಲ್ಲ ಎನ್ನಲಿಲ್ಲ, ಕಾಲಗಳ ವ್ಯತ್ಯಾಸ ಊರ ಮಕ್ಕಳಿಗೆಲ್ಲ ಕಲಿಸುವವಳ ಕಿವಿ ಆಗ ಎಲ್ಲಿ ಹಾಳಾಗಿ ಹೋಗಿತ್ತು, ಡಬ್ಬಿಯ ಕಡೆಗೆ ಹೋಗಿತ್ತು. ಫೋನು ಎತ್ತು ಅಕ್ಕ, ಎತ್ತು, ಎತ್ತಿದಳು. ಎಲ್ಲಿದೀಯ. ಇಲ್ಲೇ. ಇಲ್ಲೇ ಅಂದ್ರೆ ಎಲ್ಲಿ, ನೆಟ್ಟಗೆ ಹೇಳು. ನಿಮ್ಮ ಆಫೀಸಿನ ಕೆಳಗೆ. ಯಾವಾಗಿಂದ. ಆಗ್ಲೇ ಫೋನ್ ಮಾಡಿದ್ನಲ್ಲ, ಆವಾಗಿಂದ, ನೀನು ಮುಗಿಸ್ಕೊಂಡೇ ಬಾ, ನಂಗೇನೂ ಅವಸರ ಇಲ್ಲ.

ಅವಸರ ಇಲ್ಲವಂತೆ! ಚಪ್ಪಲಿ ಮೇಜಿನ ಕೆಳಗೆ ಎಲ್ಲಿ ಹೋಯಿತು, ಸಿಕ್ಕಿತು, ಗಾಜಿನ ಕೋಣೆಯಿಂದ ಅಲ್ಪವಿರಾಮ ಕತ್ತು ಚಾಚುತ್ತಾನೆ, ಮೇಡಂ, ಆ ಪ್ರಶ್ನೆ. ಡಿ ಕಣಪ್ಪಾ, ಡಿ, ನೀನೇ ಗೆದ್ದೆ, ದಾರಿ ಬಿಡು. ಮೆಟ್ಟಿಲು, ಮೆಟ್ಟಿಲ ತಿರುವು, ಮತ್ತೆ ಮೆಟ್ಟಿಲು, ಕೆಳಗೆ ಕಾವಲುಗಾರ ಎದ್ದು ನಿಂತು, ನಾನು ಕರೀತೀನಿ ಅಂದೆ ಮೇಡಂ, ಬೇಡ ಅಂದ್ರು, ನೀರೂ ಬೇಡ ಅಂದ್ರು ಎಂದ. ಅವನ ಸ್ಟೂಲಿನ ಮೇಲೆ ಅಕ್ಕ, ಕಾಲ ಬಳಿ ಹಾಸುಹೊದಿಕೆಯಲ್ಲಿ ಕಟ್ಟಿದ ಗಂಟು, ಗಂಟಿನ ಬಾಯಿಂದ ಹೊಲಿಗೆ ಮಿಷನ್ನಿನ ಕಪ್ಪು ಕುತ್ತಿಗೆ ಇಣುಕುತ್ತಿದೆ. ಇದೇನಕ್ಕ ಇದು. ಸರ್ವೀಸಿಗೆ ತಂದಿದ್ದೆ. ಸುಳ್ಳು ಹೇಳೋಕಾದ್ರೂ ಕಲ್ತ್ಕೋ, ಬಟ್ಟೆ ಬಿಟ್ಟು ಮಿಷನ್ ಹೊತ್ಕೊಂಡು ಬಂದಿದೀಯಲ್ಲ, ಮೇಲೆ ಬರೋಕೆ ನಿಂಗೇನಾಗಿತ್ತು. ಕೆಲ್ಸದಲ್ಲಿದೀನಿ ಅಂದ್ಯಲ್ಲ. ಅಂದೆ, ಅಂದೆ, ನನ್ನ ಬಾಯಿಗಿಷ್ಟು — ಭಾವ ಏನಂದ್ರು. ಏನೂ ಅನ್ಲಿಲ್ಲ ಕಣೇ, ನಕ್ರು, ಅದನ್ನ ಎತ್ಕೊಂಡು ಎಷ್ಟು ದೂರ ಹೋಗ್ತೀಯ ನೋಡ್ತೀನಿ ಅಂದ್ರು. ಅವಳು ಬಗ್ಗಿ ಗಂಟಿಗೆ ಕೈ ಹಾಕುತ್ತಾಳೆ, ಅಬ್ಬಾ, ಕಲ್ಲುಗುಂಡು, ಇದನ್ನು ಎರಡು ಬಸ್ಸು ಬದಲಾಯಿಸಿ ಹೇಗೆ ತಂದಳು ಮಾರಾಯ್ತಿ, ಒಬ್ಬಳಿಂದ ಆಗುವುದಿಲ್ಲ, ಗಂಟಿನ ಒಂದು ಕಿವಿ ನೀನು ಹಿಡ್ಕೋ ಅಕ್ಕ, ಮನೆಗೆ ಹೋಗೋಣ, ಆಮೇಲೆ ಬೈತೀನಿ. ಇಬ್ಬರೂ ಬಗ್ಗಿದಾಗ ತಲೆಗೆ ತಲೆ ತಾಕುವಷ್ಟು ಹತ್ತಿರ, ಆಗ ಕಾಣುತ್ತದೆ, ಅಕ್ಕನ ಎದೆಯ ಮೇಲೆ, ಬಟ್ಟೆಗೆ ಅಡ್ಡ ಚುಚ್ಚಿದ ಮಿಷನ್ನಿನ ಸೂಜಿ. ದಾರಿಯಲ್ಲಿ ಮುರಿಯದಿರಲಿ ಎಂದು ಬಿಚ್ಚಿಕೊಂಡಿದ್ದಾಳೆ. ಬಾಗಿಲಲ್ಲಿ ಭಾವ ನಿಂತು ನಗುತ್ತಿರುವಾಗ, ಅಕ್ಕನ ಈ ಕೈ ಆ ಸಣ್ಣ ತಿರುಪನ್ನು ನಿಧಾನ ಸಡಿಲಿಸಿದೆ, ಸೂಜಿಯನ್ನು ಕೆಳಗೆ ಬೀಳದಂತೆ ಹಿಡಿದಿದೆ, ಚುಚ್ಚಿಕೊಂಡಿದೆ — ನಡಿ ಮತ್ತೆ, ಎನ್ನುತ್ತಾಳೆ ಅಕ್ಕ, ಭಾರ ಆಗ್ತಿದೆ, ಯಾಕೆ ನಿಂತೆ — ಸೂಜಿ, ಅದರ ಕಣ್ಣಿನಲ್ಲಿ ಯಾರದೋ ಮುಗಿಯದ ಹೊಲಿಗೆಯ ನೀಲಿ ದಾರ, ಗೇಣುದ್ದ, ಅಕ್ಕ ಉಸಿರಾಡಿದಾಗಲೆಲ್ಲ ಅಲ್ಲಾಡುತ್ತಿದೆ, ಸೂಜಿ ಅಲ್ಲಾಡುತ್ತಿಲ್ಲ.