ಬಸಣ್ಣನ ಕೊರಳಿನ ಕೀಲಿ

ಕೀರ್ತಿ ಬಸಣ್ಣನ ಕೊರಳ ದಾರಕ್ಕೆ ಕೈ ಹಾಕಿದ್ದೇ ತಡ, ಅವನ ಹೆಂಡತಿ ಅನ್ನಪೂರ್ಣವ್ವ ಅವಳ ಮುಂಗೈ ಹಿಡಿದುಬಿಟ್ಟಳು.

"ಏನ್ ಮಾಡಾಕತ್ತೀಯವಾ? ಅವರ ಕೊರಳಿಗೆ ಯಾಕ ಕೈ ಹಚ್ಚತಿ?"

"ಕಾಕು, ಲಿಂಗ ಮುಟ್ಟಂಗಿಲ್ರಿ. ಅದರ ಬಾಜೂಕ ಪೆನ್ ಡ್ರೈವ್ ಐತಲ್ರಿ, ಅದಷ್ಟ ಬೇಕು."

"ಅವರು ಹಾಕ್ಕೊಂಡದ್ದು ಅವರ ಜೋಡೀನ ಹೋಗಲಿ."

ಗೋಡೆಗೆ ಒರಗಿಸಿ ಕೂಡಿಸಿದ್ದ ಬಸಣ್ಣ, ಹಣೆತುಂಬ ವಿಭೂತಿ ಬಳಿಸಿಕೊಂಡು, ತನಗೂ ಈ ಜಗ್ಗಾಟಕ್ಕೂ ಸಂಬಂಧವೇ ಇಲ್ಲವೆನ್ನುವ ಹಾಗೆ ಕೂತಿದ್ದ. ಬದುಕಿದ್ದಾಗಲೂ ಅಷ್ಟೇ. ಕೇಳಿದ್ದನ್ನು ಕೇಳಿದ ಹೊತ್ತಿಗೆ ಕೊಟ್ಟ ಆಸಾಮಿಯೇ ಅಲ್ಲ. ಇವತ್ತಾದರೂ ಕೊಡಬಾರದೇ ಎಂದು ಕೀರ್ತಿಗೆ ಮೈಯೆಲ್ಲ ಉರಿಯಿತು.

ವಾಸ್ಕೊದ ಒಬ್ಬ ಕೂಲಿ ಗುತ್ತಿಗೆದಾರನ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರು ಬಸಣ್ಣ, ಕೀರ್ತಿ ಇಬ್ಬರೇ. ಬಂದರಿಗೆ ಹೋಗುವ ಕೂಲಿಯವರ ಹೆಸರು, ಫೋಟೋ, ಪಾಸ್ ನಂಬರು ಎಲ್ಲ ಪಣಜಿಯಲ್ಲಿಟ್ಟ ಸರ್ವರಿನೊಳಗಿತ್ತು. ಇಲ್ಲಿಂದಲೇ ಅದರೊಳಕ್ಕೆ ಹೋಗಬೇಕು. ಪಾಸ್‌ವರ್ಡ್ ಹಾಕಿ ಹೋಗುವ ದಾರಿಯನ್ನು ಬಸಣ್ಣ ಹೋದ ತಿಂಗಳು ಮುಚ್ಚಿಬಿಟ್ಟಿದ್ದ. ಈಗ ಕೀಲಿ ಇದ್ದವರಿಗೆ ಮಾತ್ರ ಪ್ರವೇಶ. ಕೀಲಿ ಎಂದರೆ ಕಬ್ಬಿಣದ್ದಲ್ಲ, ಒಂದು ಫೈಲು. ಅವನದು ಆ ಪೆನ್ ಡ್ರೈವಿನಲ್ಲಿತ್ತು. ನಾಳಿನ ಪಟ್ಟಿ ಇವತ್ತು ನಾಲ್ಕರೊಳಗೆ ಬಂದರಿನ ಗೇಟಿಗೆ ಮುಟ್ಟದಿದ್ದರೆ ನಾಳೆ ಒಬ್ಬರನ್ನೂ ಒಳಗೆ ಬಿಡುವುದಿಲ್ಲ. ಆಗಲೇ ಎರಡೂವರೆ.

ಆ ಕೂಲಿಯವರೇ ಹೆಗಲಿಗೆ ಟವೆಲ್ ಹಾಕಿಕೊಂಡು ಅಂಗಳದಲ್ಲಿ ಕೂತಿದ್ದರು. ಅವರನ್ನು ಕೆಲಸಕ್ಕೆ ಕರೆದೊಯ್ಯುವ ಮುಕ್ಕಾದಮ ನಿಂಗಣ್ಣ ಬಾಗಿಲಿಗೆ ಬಂದ.

"ಕೀರ್ತವ್ವಾ, ಪಟ್ಟಿ ಹೋತನವಾ?"

"ಹೋಗತೈತಿ, ತಡೀರಿ ನಿಂಗಣ್ಣ!"

"ಮಣ್ಣಿಗೆ ಬಂದು ಇವತ್ತಿನ ಕೆಲಸ ಬಿಟ್ಟೇವಿ. ಬಸಣ್ಣನ ಸಲವಾಗಿ ಬಿಡಬೇಕ ಬಿಡು. ಆದ್ರ ನಾಳೀನೂ ಹೋತಂದ್ರ ಮನ್ಯಾಗ ಒಲಿ ಹತ್ತಂಗಿಲ್ಲವಾ."

\* \* \*

ಹೋದ ತಿಂಗಳು ಬಸಣ್ಣ ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹೇಳಿದ್ದ. "ನಿನ್ನ ಕೀಲಿ ನೀನ ಮಾಡ್ಕೋಬೇಕು. ಮಾಡಿದ್ರ ಜೋಡಿ ಫೈಲ್ ಹುಟ್ಟತಾವು. ಒಂದು ನಿನ್ನ ಹಂತ್ಯಾಕ ಇರಬೇಕು, ಯಾರಿಗೂ ತೋರಿಸಂಗಿಲ್ಲ. ಇನ್ನೊಂದರಾಗ ಒಂದ ಸಾಲಿರತೈತಿ, ಅದನ್ನ ನನಗ ಕಳಸು, ಸರ್ವರಿನ್ಯಾಗ ಹಚ್ಚತೀನಿ. ಎರಡೂ ಹೊಂದಿದ್ರ ಬಾಗಲಾ ತಗೀತೈತಿ."

"ಇಷ್ಟ ರಾಮಾಯಣ ಯಾಕ್ರಿ ಕಾಕಾ? ನಿಮ್ಮದ ಕೊಟ್ಟಬಿಡ್ರಿ."

"ನಿನ್ನ ಹಲ್ಲುಜ್ಜೂ ಬ್ರಶ್ ಮಂದಿಗೆ ಕೊಡ್ತೀಯೇನ?"

ಅವಳು ಮಾಡಿ ಕಳಿಸಿದಳು. ಕಳಿಸಿದ್ದು ಕಳಿಸಬಾರದ ಫೈಲು! ಬಸಣ್ಣ ಇಡೀ ಆಫೀಸಿಗೆ ಕೇಳುವಂತೆ ಹಣೆ ಬಡಿದುಕೊಂಡ. "ಮನಿ ಕೀಲಿ ಪಾಕೀಟಿನ್ಯಾಗ ಹಾಕಿ ಟಪಾಲಿಗೆ ಒಗದಂಗಾತು! ಅದು ಕೆಟ್ಟಹೋತು, ಹೊಸಾದು ಮಾಡು." ಎರಡನೆಯ ಸಲ ನಕಲು ಮಾಡುವಾಗ ಅರ್ಧ ಸಾಲು ಬಿಟ್ಟುಹೋಯಿತು. ಮೂರನೆಯ ಸಲ ಮತ್ತೆ ಅದೇ ಕಳಿಸಬಾರದ ಫೈಲು. ಅವನ ಬೈಗುಳಕ್ಕೆ ಕೀರ್ತಿ ಬುತ್ತಿ ಅಲ್ಲೇ ಬಿಟ್ಟು ಎದ್ದುಹೋಗಿದ್ದಳು.

ಅವನ ನಿಯಮಗಳೋ, ಒಂದೇ ಎರಡೇ! ಕುರ್ಚಿ ಬಿಟ್ಟು ಏಳುವ ಮುಂಚೆ ಕೊರಳ ದಾರದ ಗಂಟನ್ನು ಎರಡು ಸಲ ಎಳೆದು ನೋಡಬೇಕು. ದೀಪಕ ಎಂಬ ಹುಡುಗ ಕೆಲಸ ಬಿಟ್ಟಾಗ, ಅವನ ಬೀಳ್ಕೊಡುಗೆಯ ಚಹಾ ಆರುವ ಮುಂಚೆಯೇ ಸರ್ವರಿನಿಂದ ಅವನ ಕೀಲಿಯ ಸಾಲು ಅಳಿಸಿದ್ದ. ದೀಪಕನ ಮುಖ ಸಣ್ಣದಾಯಿತು. "ಇಷ್ಟ ಗಡಿಬಿಡಿ ಏನಿತ್ರಿ?" ಎಂದು ಕೀರ್ತಿ ಜಗಳಕ್ಕೇ ನಿಂತಿದ್ದಳು.

"ಹೋಗೂ ಮನಶ್ಯಾನ ಕೀಲಿ ಅವತ್ತ ತಗೀಬೇಕು. ನಾಳೆ ಅನಬಾರದು," ಎಂದಿದ್ದ ಬಸಣ್ಣ.

ಶನಿವಾರ ಅವಳು ನಾಲ್ಕನೆಯ ಸಲ ಮಾಡಿ ಕಳಿಸಿದಳು. ಉತ್ತರವಿಲ್ಲ. ಅವನು ಎದೆ ಒತ್ತಿಕೊಂಡು ಮಧ್ಯಾಹ್ನವೇ ಡಾಕ್ಟರ ಕಡೆ ಹೋಗಿದ್ದನಂತೆ. ಸೋಮವಾರ ನಸುಕಿನಲ್ಲಿ ತೀರಿಕೊಂಡ.

\* \* \*

"ತಗೀರಿ, ತಗೀರಿ," ಎಂದರು ಮಣ್ಣಿನ ವಿಧಿ ನಡೆಸಲು ಬಂದಿದ್ದ ಅಯ್ಯನವರು. "ಲಿಂಗ ಒಂದ ಅವನ ಸಂಗಾಟ ಹೋಗೂದು. ಹೊತ್ತಾತು."

ಅನ್ನಪೂರ್ಣವ್ವ ತಾನೇ ದಾರ ಬಿಚ್ಚಿ ಪೆನ್ ಡ್ರೈವ್ ಕೊಟ್ಟಳು. ಕೀರ್ತಿ ಅಡುಗೆಮನೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ, ಡಾಟಾ ಕಾರ್ಡ್ ಸಿಕ್ಕಿಸಿ, ಪೆನ್ ಡ್ರೈವ್ ಹಾಕಿದಳು. ಕೀಲಿಯ ಫೈಲಿಗೂ ಒಂದು ಗುಟ್ಟಿನ ಮಾತು ಬೇಕೆಂದು ಪರದೆ ಕೇಳಿತು.

"ಅಯ್ಯ ನನ್ನ ಕರ್ಮವೇ! ಕಾಕು, ಕಾಕಾ ಏನರ ಒಂದು ಗುಟ್ಟಿನ ಮಾತು ಹೇಳಿದ್ರೇನ್ರಿ?"

"ನನಗ?" ಅನ್ನಪೂರ್ಣವ್ವನಿಗೆ ಅಳುವಿನ ನಡುವೆಯೂ ರೇಗಿತು. "ಉಪ್ಪು ಎಲ್ಲೈತಿ ಅಂತ ಕೇಳೂದು ಬಿಟ್ರ ಆ ಮನಶ್ಯಾ ಮೂವತ್ತು ವರ್ಷ ನನ್ನ ಜೋಡಿ ಏನ್ ಮಾತಾಡ್ಯಾನ?"

ಊರಿನ ಹೆಸರು ಹಾಕಿದಳು, ಅನ್ನಪೂರ್ಣವ್ವನ ಹೆಸರು ಹಾಕಿದಳು, ಮನೆದೇವರನ್ನೂ ಕರೆದಳು. ಯಾವುದೂ ಅಲ್ಲ. ಮೂರು ಗಂಟೆ ಹತ್ತು ನಿಮಿಷ. ಗುತ್ತಿಗೆದಾರ ಸಾಹೇಬರ ಫೋನು ಐದನೆಯ ಸಲ ಬಡಿದುಕೊಂಡಿತು.

"ಸತ್ತ ಮ್ಯಾಲೂ ಕಾಡ್ತೀರಲ್ರಿ ಕಾಕಾ!" ಎಂದು ಅವಳು ಪೆನ್ ಡ್ರೈವ್ ಕಿತ್ತು ನೆಲಕ್ಕಿಟ್ಟಳು. ತನ್ನ ಕೀಲಿ ನಡೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು; ಮೂರು ವಾರ ದಿನಾ ನೋಡಿದ್ದಳಲ್ಲ. ಆದರೂ ಸಿಟ್ಟಿನ ಭರದಲ್ಲಿ ಅದನ್ನೇ ಹಚ್ಚಿ ಗುಂಡಿ ಕುಟ್ಟಿದಳು.

ಸರ್ವರ್ ಏನೂ ಕೇಳಲಿಲ್ಲ. ಸುಮ್ಮನೆ ಒಳಗೆ ಬಿಟ್ಟಿತು.

ಅವಳಿಗೆ ನಂಬಿಕೆ ಬರಲಿಲ್ಲ. ಮೊದಲು ಪಟ್ಟಿ ತೆಗೆದು ಗೇಟಿಗೆ ಕಳಿಸಿದಳು. ಮುಟ್ಟಿತು ಎಂಬ ಉತ್ತರ ಬಂದ ಮೇಲೆ "ನಿಂಗಣ್ಣ, ಹೋತ್ರಿ!" ಎಂದು ಕೂಗಿದಳು. ಅಂಗಳದಲ್ಲಿ ಯಾರೋ ಶಿವಶಿವಾ ಎಂದರು. ಆಮೇಲೆ ಸರ್ವರಿನಲ್ಲಿದ್ದ ಕೀಲಿಗಳ ಫೈಲು ತೆಗೆದು ನೋಡಿದಳು. ಶನಿವಾರ ಸಂಜೆ ಐದೂ ನಲವತ್ತಕ್ಕೆ ತಿದ್ದಿದ್ದು. ಒಳಗೆ ಒಂದೇ ಸಾಲು. ಕೊನೆಯಲ್ಲಿ ಕೀರ್ತಿ ಎಂದಿತ್ತು.

ಬಸಣ್ಣನ ಸಾಲು ಇರಲಿಲ್ಲ. ಮೇಲೆ ನೋಡಿದಳು, ಕೆಳಗೆ ನೋಡಿದಳು, ಇರಲಿಲ್ಲ.

"ಕಾಕು, ಶನಿವಾರ ಸಂಜೀಕ ಕಾಕಾ ಏನ್ ಮಾಡಾಕತ್ತಿದ್ರು?"

"ಇನ್ನೇನ್ ಮಾಡ್ತಾರ! ಡಾಕ್ಟರು ಈಗಿಂದೀಗ ದವಾಖಾನಿ ಸೇರ್ರಿ ಅಂದ್ರ, ಒಂದು ಕೆಲಸ ಉಳದೈತಿ ಅಂತ ಮನೀಗೆ ಬಂದು ಕಂಪ್ಯೂಟರ್ ಮುಂದ ಕುಂತ್ರು. ಆಮ್ಯಾಲೆ ಹೋಗೂನು ಅಂದ್ರ, ಆತು ಬಿಡ ಇನ್ನ ಅಂದ್ರು." ಅನ್ನಪೂರ್ಣವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಯಾವ ಸುಡಗಾಡ ಕೆಲಸಿತ್ತೋ ಏನೋ."

ಹೋಗುವವನ ಕೀಲಿ ಅವತ್ತೇ ತೆಗೆಯಬೇಕು ಎಂದವನು ತನ್ನದನ್ನೂ ತಾನೇ ತೆಗೆದಿದ್ದಾನೆ ಎಂದು ಕೀರ್ತಿಗೆ ಹೊಳೆಯಿತು. ಹುಚ್ಚು ಮುದುಕ, ಎಂಥಾ ಹುಚ್ಚು ಮುದುಕ ಎಂದು ಒಳಗೊಳಗೇ ಬೈದಳು. ಬೈಯುತ್ತ ಬೈಯುತ್ತ ಕಣ್ಣು ತುಂಬಿ ಪರದೆ ಕಾಣದಾಯಿತು.

"ಎತ್ತೂನ್ರಿ?" ಎಂದು ನಿಂಗಣ್ಣ ಹೊರಗಿನಿಂದ ಕೇಳಿದ.

"ತಡೀರಿ, ಒಂದ ನಿಮಿಷ."

ಅವಳು ನೆಲದ ಮೇಲಿದ್ದ ಪೆನ್ ಡ್ರೈವ್ ತೆಗೆದುಕೊಂಡು ಬಂದು ಬಸಣ್ಣನ ಮುಂದೆ ಮೊಣಕಾಲೂರಿದಳು. ಈ ಸಲ ಅನ್ನಪೂರ್ಣವ್ವ ಕೈ ಹಿಡಿಯಲಿಲ್ಲ. ಕೀರ್ತಿ ಅದನ್ನು ದಾರಕ್ಕೆ ಪೋಣಿಸಿ ಗಂಟು ಹಾಕಿದಳು. ಏಳುವ ಮುಂಚೆ ಗಂಟನ್ನು ಎರಡು ಸಲ ಎಳೆದು ನೋಡಿದಳು.