ದಯವಿಟ್ಟು ಗಮನಿಸಿ

ಬಸ್ ನಿಲ್ದಾಣದಲ್ಲಿ ಅವಳನ್ನು ಎಲ್ಲರೂ ಮೈಕಮ್ಮ ಎಂದೇ ಕರೆಯುತ್ತಿದ್ದರು. ಮುಖ ನೋಡಿದವರು ಕಡಿಮೆ, ದನಿ ಕೇಳದವರಿಲ್ಲ. ಗಾಜಿನ ಕೋಣೆಯಲ್ಲಿ ಕೂತು "ದಯವಿಟ್ಟು ಗಮನಿಸಿ" ಎಂದು ಅವಳು ಶುರು ಮಾಡಿದರೆ, ಜಗಳವಾಡುತ್ತಿದ್ದ ಗಂಡಹೆಂಡಿರೂ ಬಾಯಿ ಮುಚ್ಚಿ ಕಿವಿಗೊಡುತ್ತಿದ್ದರು. ಇಡೀ ನಿಲ್ದಾಣವನ್ನು ಸುಮ್ಮನಾಗಿಸುವ ಈ ಹೆಂಗಸು ಡಾಕ್ಟರ ಮುಂದೆ ಮಾತ್ರ ತುಟಿ ಪಿಟಕ್ಕೆನ್ನದೆ ಕೂರುತ್ತಿದ್ದಳು.

ಅವಳ ಅತ್ತೆ ಕೆಟ್ಟವರೇನಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಅವರನ್ನು ಬೈದುಕೊಂಡು ಓದುವುದು ಬೇಡ. ಸೊಸೆ ಬರುವುದು ತಡವಾದರೆ ಊಟ ಬಿಸಿ ಮಾಡಿಟ್ಟು ಕಾಯುವ ಜೀವ ಅದು. ಆದರೆ ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಎಷ್ಟೋ ಮನೆಗಳಲ್ಲಿ ಇದೆ, ಪದ್ಧತಿ ಎಂದು ಯಾರೂ ಕರೆಯುವುದಿಲ್ಲ, ಅಷ್ಟೆ. ಹೆಂಗಸಿಗೆ ಹುಷಾರು ತಪ್ಪಿದರೆ ಅದನ್ನು ಡಾಕ್ಟರಿಗೆ ಹೇಳುವವರು ಜೊತೆಗೆ ಹೋದ ಹಿರಿಯರು. ನೋಯುವವಳು ತಲೆ ತಗ್ಗಿಸಿ ಕೂತಿರಬೇಕು.

ಮೈಕಮ್ಮನಿಗೆ ಸುಸ್ತು ಶುರುವಾಗಿ ವರ್ಷವಾಗುತ್ತ ಬಂದಿತ್ತು. ಬೆಳಗ್ಗೆ ಏಳುವಾಗಲೇ ದಿನವಿಡೀ ದುಡಿದು ಬಂದ ಹಾಗೆ ಮೈ ಭಾರ. ತಿನ್ನುವುದು ಕಡಿಮೆಯಾಗಿದ್ದರೂ ಹಾಕುವ ಬಟ್ಟೆಗಳೆಲ್ಲ ಬಿಗಿ. ಮುಖ ಊದಿಕೊಂಡಿತ್ತು. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಸುಡುಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದಳು. ಕೊನೆಗೆ ದನಿಯೂ ಕೈಕೊಟ್ಟಿತು. ಒರಟಾಯಿತು, ಮಾತು ಎಳೆದೆಳೆದು ಬರತೊಡಗಿತು.

ಡಾಕ್ಟರ ಬಳಿ ಎರಡು ಸಲ ಹೋಗಿ ಬಂದಾಗಿತ್ತು. "ಏನು ತೊಂದರೆ?" ಎಂದು ಅವರು ಕೇಳುತ್ತಿದ್ದುದು ಅತ್ತೆಯ ಮುಖ ನೋಡಿ.

"ಅಂಥದ್ದೇನಿಲ್ಲ ಡಾಕ್ಟ್ರೇ. ಚೆನ್ನಾಗಿ ಉಣ್ತಾಳೆ, ಚೆನ್ನಾಗಿ ಮಲಗ್ತಾಳೆ. ನೋಡಿ, ಮೈ ಹೇಗೆ ಬಂದಿದೆ! ಸ್ವಲ್ಪ ಚುರುಕಾಗೋಕೆ ಒಂದು ಟಾನಿಕ್ ಬರೆದುಕೊಡಿ."

ಡಾಕ್ಟರು ನಕ್ಕು ಬರೆದುಕೊಟ್ಟರು. ಎರಡನೇ ಸಲ ಬಾಟಲಿ ದೊಡ್ಡದಾಯಿತು, ಅಷ್ಟೇ ವ್ಯತ್ಯಾಸ.

ಒಂದು ಮಧ್ಯಾಹ್ನ ಮಂಪರು ಕವಿದು, ಎರಡನೇ ಪ್ಲಾಟ್‌ಫಾರಂ ಎನ್ನುವ ಕಡೆ ಐದನೆಯದು ಎಂದುಬಿಟ್ಟಳು. ಗಂಟುಮೂಟೆ ಹೊತ್ತ ಜನ ಅಲ್ಲಿಗೆ ಓಡಿದರು, ಇಲ್ಲಿ ಬಸ್ಸು ಖಾಲಿ ಹೊರಟುಹೋಯಿತು. ನಿಲ್ದಾಣದ ಮೇಲ್ವಿಚಾರಕರು ಗಾಜಿನ ಕೋಣೆಗೆ ಬಂದರು.

"ಮೈಕಮ್ಮ, ಜನ ನನ್ನ ಬೈಯೋದು ಹಾಗಿರ್ಲಿ. ಮೈಕಲ್ಲಿ ಮಾತಾಡೋ ಗಂಡಸು ಯಾರು ಅಂತ ಕೇಳ್ತಿದಾರೆ. ದನಿ ಸರಿಮಾಡ್ಕೊಂಡು ಬನ್ನಿ. ಅಲ್ಲಿವರೆಗೆ ಟಿಕೆಟ್ ಕೌಂಟರಲ್ಲಿ ಕೂತಿರಿ. ಸರಿಹೋಗ್ಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ."

ಅವಳಿಗೆ ಅಳು ಬಂತು. ಹುಟ್ಟಿನಿಂದ ತನ್ನದು ಎನ್ನುವಂಥದ್ದು ಅವಳಲ್ಲಿ ಇದ್ದುದು ಆ ದನಿ ಒಂದೇ.

ಮನೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಗಂಡ ತಲೆಯೆತ್ತದೆ ಹೇಳಿದ: "ಕೂಗಿ ಕೂಗಿ ಗಂಟಲು ಕೆಟ್ಟಿದೆ. ಅಮ್ಮ ಹೇಳೋ ಹಾಗೆ ಕೆಲಸ ಬಿಟ್ಬಿಡು."

"ಗಂಟಲು ಮಾತ್ರ ಅಲ್ಲ. ಈ ಸಲ ಡಾಕ್ಟ್ರಿಗೆ ನಾನೇ ಹೇಳ್ತೀನಿ."

"ಹಾಗಾದ್ರೆ ನಾನ್ಯಾಕೆ ಬರ್ಬೇಕು, ಗೊಂಬೆ ಹಾಗೆ ಕೂರೋಕಾ?" ಅತ್ತೆ ಸಿಡುಕಿದರು. "ದೊಡ್ಡವರು ಪಕ್ಕದಲ್ಲಿರುವಾಗ ಮೈಯ ವಿಷಯ ಗಂಡಸಿನ ಮುಂದೆ ಬಿಚ್ಚಿಡೋದಾ? ನನಗೆ ಹುಷಾರಿಲ್ಲದಾಗ ನಮ್ಮತ್ತೇನೇ ಹೇಳ್ತಿದ್ರು. ನಾನು ಬದುಕಿಲ್ವಾ?"

"ಅವರು ಸರಿಯಾಗಿ ಹೇಳ್ತಿದ್ರಾ ಅತ್ತೆ?"

ಅತ್ತೆ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಮೂರನೇ ಸಲವೂ ಡಾಕ್ಟರು ಅತ್ತೆಯನ್ನೇ ಕೇಳಿದರು. ಅತ್ತೆಯೇ ಹೇಳಿದರು: "ಕೆಲಸ ಬಿಡು ಅಂತ ನೀವೇ ಹೇಳ್ಬಿಡಿ ಡಾಕ್ಟ್ರೇ. ನಿಮ್ಮ ಮಾತಾದ್ರೆ ಕೇಳ್ತಾಳೆ."

ಡಾಕ್ಟರು ಪೆನ್ನು ಎತ್ತಿಕೊಂಡರು. ಮೈಕಮ್ಮ ಬಾಯಿ ತೆರೆದಳು, ಆದರೆ ಇಂಥ ಕಡೆ ಹೇಗೆ ಶುರು ಮಾಡಬೇಕೆಂದು ಯಾರು ಕಲಿಸಿದ್ದರು? ನಾಲಿಗೆಗೆ ರೂಢಿಯಾಗಿದ್ದ ಮಾತೇ ಹೊರಬಂತು.

"ದಯವಿಟ್ಟು ಗಮನಿಸಿ."

ಪೆನ್ನು ನಿಂತಿತು. ಹೊರಗೆ ಕಾಯುತ್ತಿದ್ದವರೂ ಗಪ್‌ಚುಪ್ಪಾದರು. ಅವಳಿಗೇ ನಾಚಿಕೆಯಾಯಿತು, ಆದರೆ ಬಸ್ಸು ಹೊರಟಾಗಿತ್ತು.

"ನಾನು ಚೆನ್ನಾಗಿ ಉಣ್ಣಲ್ಲ ಸರ್, ಆದ್ರೂ ದಪ್ಪ ಆಗ್ತಿದ್ದೀನಿ. ಎಷ್ಟು ಮಲಗಿದ್ರೂ ಸುಸ್ತು ಹೋಗಲ್ಲ. ಎಲ್ಲರೂ ಬೆವರ್ತಿದ್ರೆ ನಂಗೆ ಚಳಿ. ಹೊರಕಡೆ ಸರಿಯಾಗಿ ಆಗಲ್ಲ. ಮುಟ್ಟಾದ್ರೆ ನಿಲ್ಲೋದೇ ಇಲ್ಲ..."

"ಅಯ್ಯಯ್ಯೋ, ಸುಮ್ನಿರೇ!" ಅತ್ತೆ ಮುಖ ಮುಚ್ಚಿಕೊಂಡರು.

"ಹೇಳ್ಬೇಕಾದ್ದು ಮರೆತುಹೋಗುತ್ತೆ. ಈ ದನಿ ನಂದಲ್ಲ ಸರ್."

ಡಾಕ್ಟರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಒಂದು ಗುಟುಕು ನೀರು ನುಂಗಿಸಿ ಕತ್ತು ಮುಟ್ಟಿ ನೋಡಿದರು. ಅವಳ ಒಣಗಿದ ಅಂಗೈಯನ್ನು ಬಹಳ ಹೊತ್ತು ನೋಡಿದರು.

"ಥೈರಾಯ್ಡ್ ಇರಬಹುದು. ರಕ್ತ ಪರೀಕ್ಷೆ ಮಾಡಿಸೋಣ. ಇದನ್ನೆಲ್ಲ ಮೊದಲೇ ಯಾಕಮ್ಮ ಹೇಳ್ಲಿಲ್ಲ?"

"ನೀವು ನನ್ನ ಕೇಳ್ಲೇ ಇಲ್ವಲ್ಲ ಸರ್."

ಡಾಕ್ಟರು ಕಕ್ಕಾಬಿಕ್ಕಿಯಾದರು. ಆಗಲಿ ಬಿಡಿ, ಓದಿದವರಿಗೂ ಆಗಾಗ ಹಾಗಾಗಬೇಕು.

ಅನುಮಾನ ನಿಜವಾಯಿತು. ಕತ್ತಿನಲ್ಲಿರುವ ಆ ಪುಟ್ಟ ಗ್ರಂಥಿ ಕೆಲಸ ಕಡಿಮೆ ಮಾಡಿಬಿಟ್ಟಿತ್ತು. ಸೋಮಾರಿಯಾಗಿದ್ದುದು ಅದು, ಅವಳಲ್ಲ. ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಸಣ್ಣ ಮಾತ್ರೆ. ಮಾರನೆಯ ದಿನವೇ ಪವಾಡವೇನೂ ನಡೆಯಲಿಲ್ಲ. ಮತ್ತೆ ಪರೀಕ್ಷೆ, ಮತ್ತೆ ಡೋಸ್ ಬದಲು, ತಿಂಗಳುಗಟ್ಟಲೆ ಕೌಂಟರಿನಲ್ಲಿ ಟಿಕೆಟ್ ಹರಿಯುವುದು. ಕೊನೆಗೊಂದು ದಿನ ಕೌಂಟರಿನಲ್ಲಿ ಅವಳು ಯಾರನ್ನೋ ಹಳೆಯ ದನಿಯಲ್ಲಿ ಗದರಿದ್ದು ಕೇಳಿ ಮೇಲ್ವಿಚಾರಕರೇ ಕರೆದು ಮೈಕಿನ ಮುಂದೆ ಕೂರಿಸಿದರು.

ಇಲ್ಲಿಗೇ ಕಥೆ ಮುಗಿಸಿದರೆ ಅತ್ತೆಗೆ ಅನ್ಯಾಯವಾಗುತ್ತದೆ. ಆ ವರ್ಷದ ಕೊನೆಗೆ ಅವರಿಗೆ ನೆಲದಿಂದ ಏಳಲಾಗದೆ ಹೋಯಿತು. ಮಗ, ಸೊಸೆ ಇಬ್ಬರೂ ಅದೇ ಡಾಕ್ಟರಲ್ಲಿಗೆ ಕರೆದುಕೊಂಡು ಹೋದರು.

"ಏನಿಲ್ಲ ಡಾಕ್ಟ್ರೇ, ಅಮ್ಮಂಗೆ ವಯಸ್ಸಾಯ್ತು," ಎಂದು ಮಗ ಆರಂಭಿಸಿದ. ಒಮ್ಮೆ ಪೆಟ್ಟು ತಿಂದಿದ್ದ ಡಾಕ್ಟರು ಕೈಯೆತ್ತಿ ಅವನನ್ನು ತಡೆದರು. "ನೀವೇ ಹೇಳಿ ತಾಯಿ."

ಅತ್ತೆ ಮಗನನ್ನು ನೋಡಿದರು, ಗೋಡೆಯನ್ನು ನೋಡಿದರು, ಕೊನೆಗೆ ಸೊಸೆಯತ್ತ ಬಾಗಿ ಪಿಸುಗುಟ್ಟಿದರು: "ಎಲ್ಲಿಂದ ಶುರು ಮಾಡೋದೇ?"

"ದಯವಿಟ್ಟು ಗಮನಿಸಿ ಅನ್ನಿ ಅತ್ತೆ."

ಅತ್ತೆಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿತು. "ಸೊಂಟ ನೋಯುತ್ತೆ," ಎಂದರು.

"ಯಾವಾಗಿಂದ?"

ಅತ್ತೆ ತಲೆ ನರೆಯತೊಡಗಿದ್ದ ಮಗನ ಕಡೆ ಕೈ ತೋರಿಸಿದರು.

"ಇವನು ಹುಟ್ಟಿದಾಗಿಂದ."