ಇನ್ನೂರ ಹನ್ನೆರಡು ಆವರ್ತ, ಒಂದು ಹೊಡೆತ

ವಾದ್ಯವೃಂದದ ಕೊನೆಯ ಸಾಲಿನಲ್ಲಿ ನಿಲ್ಲುವ ತಾಳದವನಿಗೆ ಆ ಕೃತಿಯಲ್ಲಿ ಇದ್ದದ್ದು ಒಂದೇ ಹೊಡೆತ. ಇನ್ನೂರ ಹನ್ನೆರಡು ಆವರ್ತ ಸುಮ್ಮನೆ ನಿಂತು, ಇನ್ನೂರ ಹದಿಮೂರನೆಯದು ಶುರುವಾಗುತ್ತಲೇ ಎರಡು ದೊಡ್ಡ ಕಂಚಿನ ತಾಳಗಳನ್ನು ಒಂದಕ್ಕೊಂದು ಬಡಿಯಬೇಕು. ಇದಕ್ಕೂ ಸಂಬಳ ಕೊಡ್ತಾರಾ ಎಂದು ಅವನ ಭಾವಮೈದ ಒಮ್ಮೆ ಕೇಳಿ ನಕ್ಕಿದ್ದ. ಹೋದ ಸಲ ಅವನು ಒಂದು ಆವರ್ತ ಮುಂಚೆ ಬಡಿದುಬಿಟ್ಟ. ಕೊಳಲೊಂದೇ ಎಳೆಯಾಗಿ ಉಳಿದು, ಸಭಾಂಗಣವೆಲ್ಲ ಉಸಿರು ಬಿಗಿಹಿಡಿದು ಕೂತಿದ್ದ ಜಾಗದಲ್ಲಿ.

ನಿರ್ದೇಶಕರು ಕೂಗಾಡಲಿಲ್ಲ, ಕೂಗಾಡಿದ್ದರೆ ವಾಸಿಯಿತ್ತು. ಮರುದಿನ ಕೋಣೆಗೆ ಕರೆಸಿ, ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಅದೇ ಕೃತಿ ಮತ್ತೆ ಇದೆ, ಅಂದೂ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದು ಹೇಳಿ, ಮೇಜಿನ ಮೇಲಿನ ಕಾಗದ ಓದತೊಡಗಿದರು.

ಅಂದಿನಿಂದ ಅವನು ಕಂಡದ್ದನ್ನೆಲ್ಲ ಎಣಿಸಲಾರಂಭಿಸಿದ. ಮೆಟ್ಟಿಲು ಎಣಿಸಿದ, ತುತ್ತು ಎಣಿಸಿದ, ನಲ್ಲಿಯಿಂದ ತೊಟ್ಟಿಕ್ಕುವ ಹನಿ ಎಣಿಸಿದ.

"ನನ್ನ ಜೊತೆ ಮಾತಾಡ್ತಿದ್ದೀರೋ, ನನ್ನ ಮಾತು ಎಣಿಸ್ತಿದ್ದೀರೋ?" ಎಂದಳು ಹೆಂಡತಿ.

ಆರು ಎಂದು ಅವನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. ಅವಳೋ ಅವನು ಹೆದರುತ್ತಿದ್ದ ಮಾತನ್ನೇ ಆಡಿದಳು. ನಮ್ಮಮ್ಮನ ಹತ್ತಿರ ಹೋಗಿ ಬನ್ನಿ ಎಂದಳು.

ಅತ್ತೆ ಎರಡು ಬೀದಿಯಾಚೆ, ದರ್ಜಿಯ ಅಂಗಡಿಯ ಮಾಳಿಗೆಯಲ್ಲಿ ಇದ್ದರು. ಇಪ್ಪತ್ತೆರಡು ವರ್ಷ ಸರ್ಕಸ್ಸಿನ ಜೋಕಾಲಿಯಲ್ಲಿ ತಲೆಕೆಳಗಾಗಿ ನೇತಾಡಿ, ಎದುರಿನಿಂದ ಹಾರಿ ಬಂದವರನ್ನು ಗಾಳಿಯಲ್ಲೇ ಹಿಡಿದವರು. ಈಗ ತೋಳು ಭುಜದಿಂದ ಮೇಲೆ ಏಳುತ್ತಿರಲಿಲ್ಲ, ತಲೆ ಬಾಚಲು ಮಗಳೇ ಬರಬೇಕು. ವೇದಿಕೆ ಹತ್ತುವ ಮುಂಚೆ ಕೈಕಾಲು ತಣ್ಣಗಾಗುವ ನರ್ತಕಿಯರು, ಮಾತು ಮರೆಯುವ ನಟರು, ಗಂಟಲು ಕಟ್ಟುವ ಗಾಯಕರು ಅವರಲ್ಲಿಗೆ ಬಂದು ಮನಸ್ಸನ್ನು ಪಳಗಿಸಿಕೊಂಡು ಹೋಗುತ್ತಿದ್ದರು. ಊರೆಲ್ಲ ಹೋದರೂ ಅಳಿಯ ಹೋಗಿರಲಿಲ್ಲ. ಅತ್ತೆಯ ಮುಂದೆ ಕೂತು ನನಗೆ ಭಯ ಎನ್ನುವುದು ಯಾವ ಅಳಿಯನಿಗೆ ತಾನೇ ಸಲೀಸು?

ಹೋದ. ಅತ್ತೆ ಮೊದಲು ನಿಧಾನವಾಗಿ ಉಸಿರಾಡಲು ಹೇಳಿದರು. ಅವನು ಉಸಿರು ಎಣಿಸಿದ. ಕಣ್ಣನ್ನು ಒಂದು ಕಡೆ ನಿಲ್ಲಿಸಿ ಎಂದರು. ಅವನು ಕಿಟಕಿಯ ಸರಳು ಎಣಿಸಿದ. ನಾಲ್ಕನೆಯ ದಿನ ಅತ್ತೆ ತಪ್ಪು ತಮ್ಮದೇ ಎಂದು ಒಪ್ಪಿಕೊಂಡರು. ಎಲ್ಲರಿಗೂ ಕೊಡುವ ಔಷಧವನ್ನೇ ಇವನಿಗೂ ಕುಡಿಸಿದ್ದರು. ಇವನ ಹೊಟ್ಟೆಗೆ ಏನು ಹೋದರೂ ಅಂಕಿಯಾಗುತ್ತಿತ್ತು.

"ಅಳಿಯಂದ್ರೇ, ಆ ಇನ್ನೂರ ಹನ್ನೆರಡರಲ್ಲಿ ಏನು ನಡಿಯುತ್ತೆ?"

"ನಾನು ಎಣಿಸ್ತೀನಿ."

"ನಿಮ್ಮ ವಿಷಯ ಬಿಡಿ. ಉಳಿದ ಎಪ್ಪತ್ತು ಜನ ಏನು ಮಾಡ್ತಾರೆ? ಹಾಡಿ ತೋರಿಸಿ."

ಅವನು ಶುರುಮಾಡಿದ. ಹತ್ತು ಹನ್ನೆರಡು ಆವರ್ತ ಗುನುಗಿ ನಿಂತುಬಿಟ್ಟ. ಅವನ ಹಾಳೆಯಲ್ಲಿ ಸ್ವರಗಳೇ ಇರಲಿಲ್ಲ. ಒಂದು ದಪ್ಪ ಗೆರೆ, ಅದರ ಮೇಲೆ ಅಂಕಿ, ಅಷ್ಟೇ. ಒಂಬತ್ತು ವರ್ಷ ಆ ಸಂಗೀತದ ನಡುವೆಯೇ ನಿಂತು ಅವನು ಅದನ್ನು ಕೇಳಿರಲಿಲ್ಲ.

ಅತ್ತೆ ನಗಲಿಲ್ಲ. "ನಾನೂ ಮೊದಲ ವರ್ಷ ಎಣಿಸ್ತಿದ್ದೆ," ಎಂದರು. "ಆದ್ರೆ ಎದುರಿನವಳು ನನ್ನ ಲೆಕ್ಕಕ್ಕೆ ಹಾರ್ತಿರಲಿಲ್ಲವಲ್ಲ. ಗಂಡನ ಜೊತೆ ಜಗಳ ಆಡಿ ಬಂದ ದಿನ ಬೇಗ ಬರೋಳು, ಹೊಟ್ಟೆ ತುಂಬಾ ತಿಂದ ದಿನ ತಡ. ಅವಳ ಹಗ್ಗದ ಸದ್ದು ಕೇಳೋಕೆ ಶುರು ಮಾಡಿದ ಮೇಲೆ ನನ್ನ ಕೈ ಸರಿಯಾದ ಹೊತ್ತಿಗೆ ಹೋಯ್ತು. ನೀವೂ ಹಿಡಿಯೋರೇ. ಬರ್ತಿರೋರ ಕಡೆ ಕಿವಿ ಕೊಡದೆ ಬೆರಳು ಮಡಚ್ತಾ ಕೂತ್ರೆ ಹೇಗೆ?"

ಉಳಿದದ್ದು ಹದಿನೇಳು ದಿನ. ಅವನು ಬೆಳಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ, ಅಭ್ಯಾಸದಲ್ಲಿ ಒಂದೊಂದು ದಿನ ಒಬ್ಬೊಬ್ಬ ವಾದಕರ ಪಕ್ಕ ಕೂತ. ಏನು ಕಳ್ಕೊಂಡಿದ್ದೀರಿ, ಹುಡುಕೋಕೆ ಬಂದಿದ್ದೀರಾ ಎಂದು ಕೊಳಲು ನುಡಿಸುವ ಮುದುಕರೊಬ್ಬರು ಕಿಚಾಯಿಸಿದರು. ಹೌದು ಎಂದು ಅವನು ಅಲ್ಲೇ ಕೂತ. ಸಂಜೆ ಮಾಳಿಗೆಯಲ್ಲಿ ಕೇಳಿದ್ದನ್ನೆಲ್ಲ ಹಾಡಬೇಕು. ಅವನ ಕಂಠವೋ ದೇವರಿಗೇ ಪ್ರೀತಿ. ಯಾರಿಗೆ ಹುಷಾರಿಲ್ಲ ಎಂದು ವಿಚಾರಿಸಲು ದರ್ಜಿ ಎರಡು ಸಲ ಮೇಲೆ ಬಂದ.

ಆಮೇಲೆ ಅತ್ತೆ ಇನ್ನೊಂದು ಪಾಠ ಹೂಡಿದರು. ಕೃತಿಯ ಧ್ವನಿಮುದ್ರಣ ಹಚ್ಚಿ, ಮನಸ್ಸು ಬಂದಾಗ ಸದ್ದನ್ನು ಪೂರ್ತಿ ಇಳಿಸುವರು. ಆ ಹೊತ್ತಿನಲ್ಲಿ ಅವನ ಜೊತೆ ಹರಟುವರು, ಮನೆ ಬಾಡಿಗೆ ಎಷ್ಟೆಂದು ಕೇಳುವರು, ಮಗಳ ಮೇಲೆ ಚಾಡಿ ಹೇಳುವರು. ಥಟ್ಟನೆ ಸದ್ದು ಏರಿಸಿದಾಗ ಸಂಗೀತ ಎಲ್ಲಿಗೆ ಬಂದಿದೆಯೋ ಆ ಜಾಗಕ್ಕೇ ಅವನು ಹಾಡುತ್ತ ಬಂದು ಸೇರಿಕೊಳ್ಳಬೇಕು. ಮೊದಮೊದಲು ಅವನು ತತ್ತರಿಸಿ, ಎಲ್ಲಿ ಬಿಟ್ಟೆ ಎಂದು ಹಿಂದಕ್ಕೆ ಓಡುತ್ತಿದ್ದ.

"ಹಿಂದೆ ಹೋಗಿ ಹುಡುಕಬೇಡಿ. ಅಲ್ಲಿ ಯಾರೂ ಇಲ್ಲ, ಎಲ್ಲರೂ ಮುಂದೆ ಹೋಗಿ ಆಯ್ತು," ಎನ್ನುತ್ತಿದ್ದರು ಅತ್ತೆ.

ದಿನಕ್ಕೆ ಮೂವತ್ತು ಸಲ ಕಳೆದುಕೊಂಡ. ಹತ್ತನೆಯ ದಿನದ ಹೊತ್ತಿಗೆ ಕಳೆದುಕೊಳ್ಳುವುದು ಕಡಿಮೆಯಾಗಲಿಲ್ಲ, ಆದರೆ ಸೇರಿಕೊಳ್ಳುವುದು ಚುರುಕಾಯಿತು.

ಭಾನುವಾರ ಬಂತು. ಸಭಾಂಗಣ ತುಂಬಿತ್ತು. ಕೃತಿ ಶುರುವಾದದ್ದೇ ತಡ, ತಲೆಯೊಳಗಿನ ಎಣಿಕೆಯೂ ಹೇಳದೆ ಕೇಳದೆ ಶುರುವಾಯಿತು. ನಿಲ್ಲಿಸಲು ಹೋದಷ್ಟೂ ಅದರ ಗಂಟಲು ದೊಡ್ಡದಾಗುತ್ತಿತ್ತು. ಹಾಳಾಗಿ ಹೋಗಲಿ ಎಂದು ಬಿಟ್ಟ. ನೂರ ಮೂವತ್ತೊಂಬತ್ತು, ನೂರ ನಲವತ್ತು. ಆಗ ಎದುರಿನ ಸಾಲಿನ ಪಿಟೀಲಿನ ತಂತಿಯೊಂದು ಚಟ್ಟನೆ ಕಡಿಯಿತು. ಅವನ ಕೈಯಿಂದ ಅಂಕಿ ಜಾರಿತು. ನಲವತ್ತೋ, ನಲವತ್ತೆರಡೋ?

ಮನಸ್ಸು ಹಿಂದಕ್ಕೆ ಓಡಲು ಕಾಲೆತ್ತಿತು. ಇಲ್ಲ, ಹೋಗುವುದಿಲ್ಲ ಎಂದುಕೊಂಡು ಅವನು ಹಲ್ಲು ಕಚ್ಚಿ ನಿಂತ, ಕಿವಿಯೊಂದನ್ನೇ ತೆರೆದ. ದಪ್ಪ ಪಿಟೀಲುಗಳು ಮೆಟ್ಟಿಲಿಳಿದಂತೆ ಕೆಳಗಿಳಿಯುತ್ತಿದ್ದವು. ಇದು ಗೊತ್ತು. ಇದರ ಹಿಂದೆ ಕಹಳೆ ಒಂಟಿಯಾಗಿ ಕರೆಯುತ್ತದೆ. ಕರೆಯಿತು. ಅದು ಎರಡನೆಯ ಸಲ ಕರೆದು ಅಡಗಿದಾಗ ಕೊಳಲು ಏಳುತ್ತದೆ. ಮುದುಕರು ಉಸಿರೆಳೆದುಕೊಂಡದ್ದು ಕೂಡ ಅವನಿಗೆ ಕೇಳಿಸಿತು. ತಾಳಗಳನ್ನು ಎತ್ತಿದ. ಕೊಳಲಿನ ಎಳೆ ಸಣ್ಣಗಾಗಿ, ಇನ್ನೇನು ಹರಿಯಬೇಕು ಎನ್ನುವಲ್ಲಿ ಬಡಿದ.

ಸದ್ದು ಚಾವಣಿಯವರೆಗೆ ತೆರೆದುಕೊಂಡಿತು. ಅದರ ಬೆನ್ನಿಗೇ ಎಪ್ಪತ್ತು ವಾದ್ಯಗಳು ಒಟ್ಟಿಗೆ ಎದ್ದವು. ನಿರ್ದೇಶಕರು ಅವನತ್ತ ತಿರುಗಿಯೂ ನೋಡದೆ ಮುಂದಿನ ಸಾಲಿಗೆ ಕೈ ಬೀಸಿದರು.

ಕಛೇರಿ ಮುಗಿದ ಮೇಲೆ ಸಭಾಂಗಣದ ಮೊಗಸಾಲೆಯಲ್ಲಿ ಅತ್ತೆ ಸಿಕ್ಕರು.

"ಎಷ್ಟರ ತನಕ ಎಣಿಸಿದ್ರಿ?"

"ನೂರ ನಲವತ್ತು. ಆಮೇಲೆ ಕಳ್ಕೊಂಡೆ."

"ಹುಡುಕಿದ್ರಾ?"

"ಇಲ್ಲ ಅತ್ತೆ."

ಅತ್ತೆ ತಲೆಯಾಡಿಸಿ, ಮಗಳನ್ನು ಹುಡುಕಿಕೊಂಡು ಬಾಗಿಲ ಕಡೆ ನಡೆದರು. ಅವನು ವಾದಕರಿಗೆ ಸ್ವರದ ಹಾಳೆಗಳನ್ನು ಹಂಚುವಾಕೆಯ ಕಿಟಕಿಗೆ ಹೋದ. ಆಕೆ ಮುಂದಿನ ತಿಂಗಳ ಕೃತಿಯಲ್ಲಿ ಅವನ ಪಾಲಿನದ್ದನ್ನು ಚಾಚಿದಳು. ಒಂದು ದಪ್ಪ ಗೆರೆ, ಅದರ ಮೇಲೆ ಮುನ್ನೂರ ಆರು.

"ಇದು ಸಾಲದು," ಎಂದ ಅವನು. "ಎಲ್ಲರದ್ದೂ ಬರೆದಿರೋ ದೊಡ್ಡ ಪುಸ್ತಕ ಕೊಡಿ."